ಸತ್ತ ರಬ್ಬರ್

ಅಂಗಡಿಯವನು ಅವಳ ಟೇಬಲ್ ಟೆನಿಸ್ ಬ್ಯಾಟನ್ನು ಕವರಿನಿಂದ ತೆಗೆದವನೇ ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ. ಅಷ್ಟಕ್ಕೆ ನಿಲ್ಲಿಸಿದ್ದರೆ ಅವಳು ಹೇಗೋ ಸಹಿಸಿಕೊಳ್ಳುತ್ತಿದ್ದಳು. ಕನ್ನಡಕದ ಗಾಜಿಗೆ ಊದುವ ಹಾಗೆ ರಬ್ಬರಿನ ಮೇಲೆ "ಹಾ..." ಎಂದು ಬಾಯಿಯ ಆವಿ ಬಿಟ್ಟು, ಬರಿ ಅಂಗೈಯಿಂದ ಉಜ್ಜಿದ.

"ಥೂ."

ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿ ಜಾರಿ ಹೊರಗೆ ಬಿದ್ದಿತ್ತು. ಅವನು ತಲೆ ಎತ್ತಿದ. ಕೋಪ ಬಂದಿರಲಿಲ್ಲ, ಒಂದು ಹುಬ್ಬು ಮಾತ್ರ ಸ್ವಲ್ಪ ಮೇಲೇರಿತ್ತು.

"ವಾಸನೆ ನಿಮ್ಮದೇ ಮೇಡಂ," ಅಂದ. "ನಾನು ಬರೀ ನೋಡಿದೆ."

ಅವಳ ಮುಖ ಕಿವಿಯವರೆಗೂ ಬಿಸಿಯಾಯಿತು. ಎದ್ದು ಹೋಗಬೇಕಿತ್ತು. ಆದರೆ ಆ ಹುಬ್ಬು ಇನ್ನೂ ಕೆಳಗಿಳಿದಿರಲಿಲ್ಲ, ಅದು ಇಳಿಯುವುದನ್ನು ನೋಡಿಕೊಂಡೇ ಹೋಗೋಣ ಅನ್ನಿಸಿತು.

ಅವಳು ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಟೆಕ್ನಿಷಿಯನ್. ದಿನಕ್ಕೆ ನೂರು ಜನರ ಸ್ಯಾಂಪಲ್ ಕೈಗೆ ಬಂದರೂ ಅಲ್ಲಿ ಅವಳಿಗೆ ಅಸಹ್ಯವೆಂಬುದೇ ಇಲ್ಲ. ಗ್ಲೌಸ್ ಇದೆ, ಲೇಬಲ್ ಇದೆ, ಪ್ರತಿಯೊಂದಕ್ಕೂ ಮುಚ್ಚಳ ಇದೆ. ತೊಂದರೆಯೆಲ್ಲ ಮುಚ್ಚಳವಿಲ್ಲದ ಪ್ರಪಂಚದ್ದು. ಒದ್ದೆ ಟವೆಲ್, ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲು, ಲಿಫ್ಟಿನ ಬಟನ್ನಿನ ಮೇಲಿನ ಜಿಡ್ಡು. ಮದುವೆಯ ಮಾತಾಡಲು ಸಿಕ್ಕ ಮೂವರನ್ನು ಇದೇ ಕಾರಣಕ್ಕೆ ಬೇಡ ಅಂದಿದ್ದಳು. ಒಬ್ಬ ಕಿವಿಯಲ್ಲಿ ಕಿರುಬೆರಳು ಆಡಿಸಿ ಅದೇ ಕೈಯಲ್ಲಿ ಬಿಸ್ಕತ್ತು ಎತ್ತಿಕೊಂಡ. ಇನ್ನೊಬ್ಬ ಬೆರಳಿಗೆ ಎಂಜಲು ಹಚ್ಚಿ ಮೆನುವಿನ ಹಾಳೆ ತಿರುಗಿಸಿದ. ಮೂರನೆಯವನು ಏನೂ ಮಾಡಲಿಲ್ಲ, ಆದರೆ ಮಾಡುವವನ ಹಾಗೆ ಕಾಣುತ್ತಿದ್ದ.

"ಆ ಟೇಬಲ್ಲಿಗೆ ಅಂಟಿಕೊಂಡು ನಿಲ್ತೀಯಲ್ಲ, ಅಷ್ಟೇ ಹತ್ರ ಒಬ್ಬ ಮನುಷ್ಯನ ಪಕ್ಕ ನಿಂತ್ಕೊಂಡ್ರೆ ನನ್ನ ತಲೆನೋವು ಹೋಗುತ್ತೆ ಕಣೇ," ಎಂದು ಅಕ್ಕ ಅನ್ನುತ್ತಿದ್ದಳು.

ಅಕ್ಕ ಹೇಳಿದ್ದು ಟೇಬಲ್ ಟೆನಿಸ್ ಟೇಬಲ್ಲಿನ ವಿಷಯ. ಅವಳ ಆಟವೇ ಅದು. ಟೇಬಲ್ಲಿನ ಅಂಚಿನಿಂದ ಒಂದು ಗೇಣು ಹಿಂದೆ ನಿಂತು, ಬ್ಯಾಟನ್ನು ಎದೆಯ ಮುಂದೆ ಹಿಡಿದು, ಎದುರಿನವರು ಎಷ್ಟೇ ಬಾರಿಸಿದರೂ ಅವರ ವೇಗವನ್ನೇ ಅವರಿಗೆ ಹಿಂದಿರುಗಿಸುವುದು. ಕ್ಲಬ್ಬಿನಲ್ಲಿ ಅವಳ ಹೆಸರು ಗೋಡೆ. ಆ ಹೆಸರು ಅವಳಿಗೆ ಇಷ್ಟವೇ ಇತ್ತು, ಹೋದ ತಿಂಗಳು ಡಬಲ್ಸ್ ಜೊತೆಗಾರ ಬಾಯಿ ತೆರೆಯುವವರೆಗೆ. "ನಿನ್ನ ಆಟ ನೋಡಿದ್ರೆ ಅಸಹ್ಯ ಆಗುತ್ತೆ," ಅಂದಿದ್ದ. "ನೀನು ಆಡಲ್ಲ, ಬರೀ ವಾಪಸ್ ಕೊಡ್ತೀಯ." ಅಂದವನು ಬೇರೆ ಜೊತೆ ನೋಡಿಕೊಂಡ. ಈಗ ಟೀಮಿನಲ್ಲಿ ಹೆಂಗಸರಿಗೆ ಉಳಿದಿದ್ದು ಒಂದೇ ಜಾಗ. ಇನ್ನು ಹತ್ತು ದಿನಕ್ಕೆ ಆಯ್ಕೆಯ ಟ್ರಯಲ್. ಎದುರಾಳಿ ಹಲ್ಲಿನ ಡಾಕ್ಟರು, ಕ್ಲಬ್ಬಿನಲ್ಲಿ ಎಲ್ಲರೂ ಕರೆಯುವುದು ಡ್ರಿಲ್ ಅಂತ. ಆಕೆ ಸ್ಪಿನ್ ಕೊಟ್ಟು ಸುತ್ತಿಸಿ ಸುತ್ತಿಸಿ ಕಳಿಸುವ ಚೆಂಡು ಅವಳ ಬ್ಯಾಟಿಗೆ ತಾಗಿ ನೇರ ಗೋಡೆಯ ಗಡಿಯಾರಕ್ಕೆ ಹೋಗುತ್ತಿತ್ತು.

"ಇದನ್ನ ಯಾರು ಆರಿಸಿಕೊಟ್ರು?" ಅವನು ಬ್ಯಾಟಿನ ಅಂಚನ್ನು ಬೆಳಕಿಗೆ ಹಿಡಿದಿದ್ದ.

"ನನ್ನ ಜೊತೆ ಆಡ್ತಿದ್ದವರು."

"ಅವರಿಗೆ ಆರಿಸಿಕೊಂಡಿದ್ದಾರೆ. ಮರದ ಮಧ್ಯೆ ಕಾರ್ಬನ್, ಮೇಲೆ ದಪ್ಪ ಸ್ಪಂಜು, ಜಿಗುಟು ರಬ್ಬರ್. ಇದು ಹೊಡೆಯೋರ ಬ್ಯಾಟು. ತಡೆಯೋರ ಕೈಗೆ ಕೊಟ್ರೆ ಸುಮ್ಮನೆ ಹಿಡಿದ್ರೂ ಹಾರುತ್ತೆ."

ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಟೇಬಲ್ ಇತ್ತು. ಅವನು ಹತ್ತು ಚೆಂಡು ಸುತ್ತಿಸಿ ಕಳಿಸಿದ, ಏಳು ಕಪಾಟಿಗೆ ಬಡಿದವು. ಆಮೇಲೆ ಬೇರೆ ಮರದ ಬ್ಯಾಟು ಕೊಟ್ಟ. ಕಾರ್ಬನ್ ಇಲ್ಲದ ಐದು ಪದರದ ಮರ, ನಿಧಾನ ಸ್ವಭಾವದ್ದು, ತೆಳು ಸ್ಪಂಜಿನದ್ದು. ಈ ಸಲ ನಾಲ್ಕೇ ಹೊರಗೆ ಹೋದವು, ನಾಲ್ಕೂ ಬ್ಯಾಕ್‌ಹ್ಯಾಂಡಿನವು.

"ಬ್ಯಾಕ್‌ಹ್ಯಾಂಡಿಗೆ ಗುಳ್ಳೆ ರಬ್ಬರ್ ಹಾಕಿದ್ರೆ ಸರಿಹೋಗುತ್ತೆ," ಎಂದು ಒಂದನ್ನು ಅವಳ ಮುಂದಿಟ್ಟ. ಮೈತುಂಬ ಸಣ್ಣ ಸಣ್ಣ ಗುಳ್ಳೆ ಎದ್ದ ಕೆಂಪು ಹಾಳೆ. ಅವಳಿಗೆ ತೋಳಿನ ರೋಮ ನೆಟ್ಟಗಾಯಿತು. ಚರ್ಮರೋಗದ ಪುಸ್ತಕದ ಚಿತ್ರದ ಹಾಗಿತ್ತು ಅದು.

"ಮುಚ್ಚಿಡಿ. ದಯವಿಟ್ಟು."

ಅವನು ಮುಚ್ಚಿಟ್ಟ, ನಗಲಿಲ್ಲ. ಆಮೇಲೆ ಹೇಳಿದ, "ಹಾಗಾದ್ರೆ ನಿಮಗೆ ಬೇಕಾದ್ದು ಸತ್ತ ರಬ್ಬರ್. ಮೇಲೆ ನುಣ್ಣಗಿರಬೇಕು, ಹಿಡಿತ ಇರಬಾರದು. ಚೆಂಡು ಎಷ್ಟು ಸುತ್ತಿಕೊಂಡು ಬಂದ್ರೂ ರಬ್ಬರಿಗೆ ಗೊತ್ತೇ ಆಗಬಾರದು."

"ಇದೆಯಾ?"

"ನಮ್ಮಲ್ಲಿ ಒಂದಿದೆ. ಚೆನ್ನಾಗಿ ಸತ್ತಿದೆ. ಹಾಕಲಾ?"

"ಹಾಕಿ," ಅಂದಳು ಅವಳು. ಆಗ ಹುಬ್ಬು ಕೆಳಗಿಳಿಯಿತು.

ಆಟಗಾರರೆಲ್ಲ ಅವನನ್ನು ಅಂಟಣ್ಣ ಅನ್ನುತ್ತಿದ್ದರು, ರಬ್ಬರ್ ಅಂಟಿಸುವವನು ಅಂತ. ಅವಳೂ ಹಾಗೇ ಕರೆಯಲು ನೋಡಿದಳು. 'ಅಂಟು' ಬಂತು, 'ಅಣ್ಣ' ಗಂಟಲಿನಲ್ಲೇ ಕೂತಿತು. ಹಾಗಾಗಿ ಏನೂ ಕರೆಯದೆ, ಕೆಮ್ಮಿ ಮಾತು ಶುರುಮಾಡುವುದು ಅಭ್ಯಾಸವಾಯಿತು.

ಎರಡನೆಯ ಭೇಟಿಯಿಂದ ಅವನು ಅವಳ ಬ್ಯಾಟು ಮುಟ್ಟುವ ಮುಂಚೆ ಮೂಲೆಯ ಬೇಸಿನ್ನಿನಲ್ಲಿ ಸೋಪು ಹಾಕಿ ಕೈ ತೊಳೆಯತೊಡಗಿದ. ಅದನ್ನು ಎತ್ತಿ ಹೇಳಲಿಲ್ಲ, ತೋರಿಸಿಕೊಳ್ಳಲಿಲ್ಲ. ಬೆರಳುಗಳ ಸಂದು, ಉಗುರಿನ ಬುಡ, ಮಣಿಕಟ್ಟು. ಲ್ಯಾಬಿನಲ್ಲಿ ಹೊಸಬರಿಗೆ ಅವಳು ಕಲಿಸುವ ಕ್ರಮದಲ್ಲೇ. ಮೊಣಕೈಯಿಂದ ನೀರು ತೊಟ್ಟಿಕ್ಕುವುದನ್ನು ನೋಡುತ್ತಾ ಅವಳಿಗೆ ಎದೆಯಲ್ಲಿ ಏನೋ ಸಡಿಲಾಯಿತು. ಆಮೇಲೆ ಅವನು ಬೆರಳ ತುದಿಯಲ್ಲಿ ಒಣಗಿದ ಅಂಟನ್ನು ಸಿಪ್ಪೆ ಸುಲಿದಂತೆ ಸುಲಿದು ಗುಂಡಗೆ ಮಾಡಿ ಕಸದ ಡಬ್ಬಿಗೆ ಎಸೆದ. ಸಡಿಲಾದದ್ದು ಮತ್ತೆ ಬಿಗಿಯಾಯಿತು.

"ಏನು ನೋಡ್ತಿದ್ದೀರಿ?"

"ಅಸಹ್ಯ."

"ಆದ್ರೂ ನೋಡ್ತಾನೇ ಇದ್ದೀರಿ."

ಅವಳು ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲೂ ಅವನೇ ಕಂಡ, ಅವಳನ್ನೇ ನೋಡುತ್ತಿದ್ದ.

ಹೊಸ ಬ್ಯಾಟು ಕೈಗೆ ಬಂದ ದಿನ ಅವರಿಬ್ಬರೂ ಸಂಜೆಯವರೆಗೆ ಆಡಿದರು. ಅವನು ಬೆವರಿಳಿಸಿಕೊಂಡು ಸುತ್ತಿಸಿದ ಚೆಂಡೆಲ್ಲ ಅವಳ ಬ್ಯಾಕ್‌ಹ್ಯಾಂಡಿಗೆ ತಾಗಿ, ನೆಟ್ಟಿನ ಆಚೆ ಕುಸಿದು ಕೂತವು. ಅವನು ಮುಗ್ಗರಿಸಿದ. ಎರಡು ಸಲ ಟೇಬಲ್ಲಿನ ಮೇಲೇ ಬಿದ್ದ.

"ಗೋಡೆ ಅಲ್ಲ ನೀವು, ಕೆಸರು," ಎಂದು ಏದುಸಿರು ಬಿಟ್ಟ. "ಬಂದಿದ್ದು ಹೂತೇ ಹೋಗುತ್ತೆ."

ಅವಳು ನಕ್ಕಳು. ಅಷ್ಟು ಜೋರಾಗಿ ನಕ್ಕು ಎಷ್ಟು ದಿನವಾಗಿತ್ತೋ. ಇವನು ಅಂಗಡಿಯ ಕೆಲಸಕ್ಕಷ್ಟೇ ಇಷ್ಟು ಹೊತ್ತು ನಿಂತಿಲ್ಲ ಎಂದು ಅವಳಿಗೆ ಗೊತ್ತಾಯಿತು, ಅವಳೂ ಬ್ಯಾಟಿಗಷ್ಟೇ ಬಂದಿರಲಿಲ್ಲ.

ಟ್ರಯಲ್ಲಿನ ಹಿಂದಿನ ದಿನ ಮಧ್ಯಾಹ್ನ ಅಕ್ಕ ಬ್ಯಾಟನ್ನು ತಿರುಗಿಸಿ ನೋಡಿದಳು. "ಹೊಸದು ಅಂದೆ? ಇಲ್ಲಿ ಕಲೆ ಇದೆಯಲ್ಲೇ." ಸೆರಗಿನಿಂದ ಉಜ್ಜಿದಳು, ಹೋಗಲಿಲ್ಲ.

ಕಪ್ಪು ರಬ್ಬರಿನ ಕೆಳ ಅಂಚಿನಲ್ಲಿ ತೋರುಬೆರಳು ಕೂರುವ ಜಾಗದಲ್ಲಿ ಒಂದು ಮಾಸಲು ಗುರುತು. ಅವಳು ತನ್ನ ಬೆರಳಿಟ್ಟಳು. ಗುರುತು ಅದಕ್ಕಿಂತ ಅರ್ಧ ಗೆಣ್ಣು ಉದ್ದವಿತ್ತು. ವರ್ಷಗಟ್ಟಲೆ ಯಾರದೋ ಬೆರಳು, ಯಾರದೋ ಬೆವರು, ಯಾರದೋ ಬಾಯಿಯ ಆವಿ ಇಳಿದು ಕೂತ ಗುರುತು. ಅವಳು ಬೇಸಿನ್ನಿಗೆ ಓಡಿದಳು. ಮೂರು ಸಲ ಕೈ ತೊಳೆದರೂ ವಾಕರಿಕೆ ನಿಲ್ಲಲಿಲ್ಲ.

ಅಂಗಡಿಗೆ ಹೋದಾಗ ಅವನು ನಗುತ್ತಲೇ ಎದ್ದ. ಅವಳು ಬ್ಯಾಟನ್ನು ಪ್ಲಾಸ್ಟಿಕ್ ಚೀಲದ ಸಮೇತ ಕೌಂಟರಿನ ಮೇಲಿಟ್ಟಳು.

"ಇದು ಯಾರದು?"

"ನನ್ನದು. ಆರು ವರ್ಷ ಆಡಿದ್ದು."

"ನನಗೆ ಹೇಳಬೇಕು ಅನ್ನಿಸಲಿಲ್ವಾ?"

"ಹೇಳಿದ್ದೆನಲ್ಲ. ನಮ್ಮಲ್ಲಿ ಒಂದು ಸತ್ತಿದೆ, ಹಾಕಲಾ ಅಂತ ಕೇಳಿದೆ. ಹಾಕಿ ಅಂದ್ರಿ."

"ಸತ್ತಿದ್ದು ಅಂದ್ರೆ ಅದೊಂದು ಜಾತಿ ಅಂದ್ಕೊಂಡೆ. ಪೆಟ್ಟಿಗೆಯಲ್ಲಿ ಬರೋದು."

"ಪೆಟ್ಟಿಗೆಯಲ್ಲಿ ಸತ್ತು ಬರುತ್ತಾ ಮೇಡಂ? ಆಡಿ ಆಡಿ ತಾನೇ ಸಾಯಬೇಕು."

ಅಂಟಿಸುವವರಿಗೆ, ಆಡುವವರಿಗೆ ಅದು ಹಾಲು ಬಿಳಿ ಅನ್ನುವಷ್ಟು ತಿಳಿದ ವಿಷಯ. ಯಾವಾಗಲೂ ಬೇರೆಯವರು ಆರಿಸಿಕೊಟ್ಟ ಬ್ಯಾಟಿನಲ್ಲಿ ಆಡಿದವಳಿಗೆ ತಿಳಿದಿರಲಿಲ್ಲ. ತಪ್ಪು ಇಬ್ಬರದೂ ಅಲ್ಲ, ಅಲ್ಲೇ ನಕ್ಕುಬಿಡಬಹುದಿತ್ತು. ಆದರೆ ಅವಳ ಕಣ್ಣಿಗೆ ಆ ಕಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಎಷ್ಟು ಅಸಹ್ಯ," ಅಂದಳು. "ನಿಮ್ಮ ಬೆವರನ್ನ ನನ್ನ ಕೈಗೆ ಹಚ್ಚಿದ್ದೀರಿ. ನೆನೆಸಿಕೊಂಡ್ರೆ ಹೊಟ್ಟೆ ತೊಳೆಸುತ್ತೆ."

ಅವನ ಮುಖದಲ್ಲಿದ್ದದ್ದೆಲ್ಲ ಅಳಿಸಿಹೋಯಿತು. ಬ್ಯಾಟನ್ನು ಚೀಲದಿಂದ ತೆಗೆದು, ಮೂಲೆ ಹಿಡಿದು ಒಂದೇ ಎಳೆತಕ್ಕೆ ರಬ್ಬರನ್ನು ಕಿತ್ತ.

"ಕೇಳಿ ಹಾಕಿದ್ದೆ," ಅಂದ. "ಕೇಳದೆ ಹಾಕೋನಲ್ಲ ನಾನು. ಬೇರೆ ಯಾರಿಗಾದ್ರೂ ಆಗಿದ್ರೆ ಕೇಳ್ತಾನೂ ಇರಲಿಲ್ಲ, ಕೊಡ್ತಾನೂ ಇರಲಿಲ್ಲ."

ಅವಳು ಬ್ಯಾಟನ್ನು ಅಲ್ಲೇ ಬಿಟ್ಟು ಹೊರಟುಬಂದಳು.

ಮರುದಿನ ಹಳೆಯ ಕಾರ್ಬನ್ ಬ್ಯಾಟಿನಲ್ಲೇ ಆಡಿದಳು. ತಡೆಯಲು ಹೋದದ್ದೆಲ್ಲ ಹಾರಿತು. ಕೊನೆಗೆ ತಾನೂ ಹಿಂದೆ ಸರಿದು, ಕಣ್ಣುಮುಚ್ಚಿ ಬಾರಿಸತೊಡಗಿದಳು. ಮೂರು ಗೇಮ್, ಮೂರೂ ಸೋಲು. ಡ್ರಿಲ್ ಕೈಕುಲುಕಿ ಹೋದ ಮೇಲೆ ಹಳೆಯ ಜೊತೆಗಾರ ಹತ್ತಿರ ಬಂದ. ಘಮಘಮ ಸೆಂಟು, ಇಸ್ತ್ರಿ ಮಾಡಿದ ಟೀಶರ್ಟು, ತೊಟ್ಟು ಬೆವರಿಲ್ಲ.

"ಸೋತ್ರೂ ಪರವಾಗಿಲ್ಲ. ಇವತ್ತು ನಿನ್ನ ಆಟ ನೋಡೋ ಹಾಗಿತ್ತು."

ಅವಳಿಗೆ ಅಸಹ್ಯವಾಯಿತು. ಇಂಥ ಅಸಹ್ಯ ಯಾವ ಒದ್ದೆ ಟವೆಲ್ಲಿಗೂ ಆಗಿರಲಿಲ್ಲ. ಇವನಿಗೆ ಅವಳು ಅವಳಾಗಿರದಿದ್ದಾಗ ಮಾತ್ರ ಚೆಂದ. ಅಂಗಡಿಯವನೋ, ಅವಳು ಹೇಗೆ ನಿಲ್ಲುತ್ತಾಳೆ, ಎಲ್ಲಿ ಸೋಲುತ್ತಾಳೆ ಅಂತ ಕೂತು ನೋಡಿ, ಅವಳಾಗಿಯೇ ಇರಲು ಬೇಕಾದ್ದನ್ನು ತನ್ನ ಬ್ಯಾಟಿನಿಂದ ಬಿಡಿಸಿ ಕೊಟ್ಟಿದ್ದ. ಅಂಥವನ ಮುಖಕ್ಕೆ ಅವಳು ಎಸೆದದ್ದು, ತನ್ನ ಮುಖಕ್ಕೆ ಈ ಜೊತೆಗಾರ ಹೋದ ತಿಂಗಳು ಎಸೆದಿದ್ದ ಅದೇ ಮಾತು. ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಬಟ್ಟೆ ಕೂಡ ಬದಲಿಸದೆ ಅಂಗಡಿಗೆ ನಡೆದಳು.

"ಏನಾಯ್ತು?" ಅವನು ಕೂತಲ್ಲಿಂದಲೇ ಕೇಳಿದ.

"ಸೋತೆ. ಆ ರಬ್ಬರ್ ಮತ್ತೆ ಹಾಕಿಕೊಡಿ."

"ಟ್ರಯಲ್ ಮುಗೀತಲ್ಲ. ಈಗ ಯಾಕೆ?"

"ಬೇಕು."

"ಅದಿಲ್ಲ ಈಗ. ಕಸಕ್ಕೆ ಹಾಕಿದೆ."

"ಡಬ್ಬಿ ಎಲ್ಲಿದೆ?"

ಅವನು ಎದ್ದುನಿಂತ. "ನಾನು ತೆಗೀತೀನಿ, ಇರಿ. ನಿಮಗೆ ಆಗಲ್ಲ."

ಅಷ್ಟರಲ್ಲಿ ಅವಳು ಕೌಂಟರಿನ ಹಿಂದೆ ಬಂದು ಮಂಡಿಯೂರಿದ್ದಳು. ಡಬ್ಬಿಯಲ್ಲಿ ಒಣ ಅಂಟಿನ ಉಂಡೆಗಳು, ಕತ್ತರಿಸಿದ ಸ್ಪಂಜಿನ ಚೂರು, ಟೀ ಕುಡಿದ ಕಪ್ಪುಗಳು, ಯಾರೋ ಮೂಗೊರೆಸಿ ಬಿಸಾಡಿದ ಟಿಶ್ಯೂ. ಅವಳು ಉಸಿರು ಹಿಡಿದು ಕೈ ಹಾಕಿದಳು, ಗ್ಲೌಸಿಲ್ಲದ ಕೈ. ಟೀಯ ತಣ್ಣನೆ ಗಸಿ ಬೆರಳಿಗೆ ಮೆತ್ತಿತು. ಎರಡು ಸಲ ಓಕರಿಸಿದಳು, ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ಹಿಂದೆ ತೆಗೆಯಲಿಲ್ಲ. ತಳದಲ್ಲಿ ಮಡಚಿಕೊಂಡಿದ್ದ ರಬ್ಬರ್ ಸಿಕ್ಕಿತು.

ಅವನು ಅದನ್ನು ಅವಳ ಕೈಯಿಂದ ತೆಗೆದುಕೊಂಡು ತೊಳೆದ, ಒರೆಸಿದ. ಸ್ಪಂಜಿಗೆ, ಮರಕ್ಕೆ ಅಂಟು ಸವರಿದ. ಹಾಲಿನಂತಿದ್ದ ಅಂಟು ತಿಳಿಯಾಗುವವರೆಗೆ ಕಾಯಬೇಕು, ಆ ಹತ್ತು ನಿಮಿಷ ಯಾರೂ ಮುಟ್ಟುವಂತಿಲ್ಲ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು.

"ನಿನ್ನೆ ನೀವು ಅಂದಿದ್ದು ನೋವಾಯ್ತು," ಅಂದ ಅವನು.

"ಗೊತ್ತು. ತಪ್ಪು ನನ್ನದು." ಅವಳು ತಲೆ ತಗ್ಗಿಸಲಿಲ್ಲ. "ನನಗೆ ನಿಮ್ಮನ್ನ ಕಂಡ್ರೆ ಇಷ್ಟ. ತುಂಬ ಇಷ್ಟ. ಆದ್ರೆ ಈ ಅಸಹ್ಯ ಹೋಗಿಬಿಡುತ್ತೆ ಅಂತ ಸುಳ್ಳು ಹೇಳಲ್ಲ. ಈಗ ನಿಮ್ಮ ಉಗುರಲ್ಲಿರೋ ಅಂಟು ನೋಡಿದ್ರೂ ಒಂಥರಾ ಆಗ್ತಿದೆ."

ಅವನು ಉಗುರು ನೋಡಿಕೊಂಡ. ಹೆಬ್ಬೆರಳಿನಿಂದ ಅಂಟು ಕೆರೆಯಹೋಗಿ ನಿಲ್ಲಿಸಿದ.

"ನನಗೂ ಇಷ್ಟ," ಅಂದ ಕೊನೆಗೆ. "ಆ 'ಥೂ' ಅಂದ ದಿನದಿಂದ. ಆದ್ರೆ ನಾಳೆ ಮತ್ತೆ ಅಸಹ್ಯ ಅಂದ್ರೆ ನಾನೇನು ಮಾಡಲಿ?"

"ಅಂತೀನಿ," ಅಂದಳು ಅವಳು. "ಅಂದು ಎದ್ದು ಹೋಗಲ್ಲ, ಅಷ್ಟೇ."

ಅಂಟು ತಿಳಿಯಾಗಿತ್ತು. ಅವನು ರಬ್ಬರಿನ ಒಂದು ಅಂಚು ಹಿಡಿದು, ಇನ್ನೊಂದನ್ನು ಅವಳ ಕಡೆ ಚಾಚಿದ.