ಅಳಿಸಿದ ಮೊದಲ ಸಾಲು

ಹಳೆಯ ಫಾಂಟಿನ ಕನ್ನಡವನ್ನು ಯೂನಿಕೋಡಿಗೆ ತಂದು ಡೇಟಾಬೇಸಿಗೆ ಹಾಕಿಕೊಡಲು ನನ್ನ ಸುಳ್ಯದ ಅಂಗಡಿಯಲ್ಲಿ ಪುಟಕ್ಕೆ ಇಪ್ಪತ್ತು ರೂಪಾಯಿ. ಕಲ್ಲುಗುಂಡಿಯ ಲೋಲಾಕ್ಷಿಯಕ್ಕ ಸೀಡಿಯಲ್ಲಿ ತಂದದ್ದು ಎರಡೇ ಪುಟ, ಅವರ ಕುಟುಂಬದಲ್ಲಿ ತೀರಿಹೋದವರ ಹೆಸರುಗಳು. ವರ್ಷಕ್ಕೊಮ್ಮೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಅವರವರ ಬಾಳೆಲೆಗೆ ಅನ್ನ, ಕೋಳಿ ಬಡಿಸಿ, ಬಾಗಿಲು ಹಾಕಿ ಹೊರಗೆ ಕಾಯುವುದು ಅವರ ಕ್ರಮ.

“ಒಂದು ಹೆಸರು ಬಿಟ್ರೂ ಅವರು ಉಪವಾಸ ಮಾರಾಯ್ರೆ, ಜಾಗ್ರತೆ!”

ನಲವತ್ತೊಂದು ಹೆಸರು ಸರಿಯಾಗಿ ಬಂದವು. ಒಂದು ಮಾತ್ರ ಬರೀ ಚೌಕಗಳಾಗಿ ಉಳಿಯಿತು. ಅಕಾರಾದಿಯಲ್ಲಿ ಜೋಡಿಸಿದರೆ ಅದು ಮೊದಲು. ಹಿಂದುಮುಂದಾಗಿ ಜೋಡಿಸಿದರೂ ಅದೇ ಮೊದಲು. ಏಪ್ರಿಲಿನ ಮಧ್ಯಾಹ್ನ ಕೀಲಿಮಣೆ ತಣ್ಣಗೆ ಕೊರೆಯುತ್ತಿತ್ತು. ಮುಚ್ಚಿದ ಅಂಗಡಿಯೊಳಗೆ ಬಿಸಿ ಅನ್ನದ ವಾಸನೆ. ಯಾವುದೋ ತಲೆಬರಹದ ಕಸ ಇರಬೇಕೆಂದು ಆ ಸಾಲನ್ನು ಅಳಿಸಿ ಪ್ರಿಂಟ್ ಕೊಟ್ಟೆ.

ಬಡಿಸಿದ ದಿನ ಅಕ್ಕನ ಫೋನು ಬಂತು.

“ಬಾಗಿಲು ತೆಗೆದು ನೋಡಿದ್ರೆ ಮೊದಲನೇ ಎಲೆಯಲ್ಲಿ ಮಾತ್ರ ಬಡಿಸಿದ್ದೆಲ್ಲ ಪೂರ್ತಿ ಖಾಲಿ ಉಂಟು. ಅದು ನಮ್ಮ ಅಮ್ಮಂದು. ಅಮ್ಮ ಕೋಳಿ ಮುಟ್ಟಿದವರೇ ಅಲ್ಲ ಮಾರಾಯ್ರೆ. ಎಲುಬು ಸಹ ಇಲ್ಲ! ನೀವು ಎಂತ ಮಾಡಿದ್ದು?”

ನಾನು ಸೀಡಿಯನ್ನು ಮತ್ತೆ ಹಾಕಿ ನೋಡಿದೆ. ಅದು ತೆರೆಯಲೇ ಇಲ್ಲ. ನಾನು ಅಳಿಸಿದ ಆ ಹೆಸರು ಹೋಯಿತು. ಅಮ್ಮನ ಎಲೆಯಲ್ಲಿ ಉಂಡುಹೋದವರನ್ನು ಇನ್ನು ಕರೆಯುವಂತಿಲ್ಲ.