ಕಡಲಿಗೆ ಹೋಗಿಬಂದವನು

ದೇವಮ್ಮ ಶನಿವಾರ ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದಾಗ ಅವಳು ಹೊದ್ದ ಬಿಳಿ ಬಟ್ಟೆಯ ಅಂಚೆಲ್ಲ ಮಣ್ಣಾಗಿತ್ತು. ಕೂರಲು ಹೇಳಿದರೂ ಕೂರಲಿಲ್ಲ.

"ಜೋಗಿ ಅಣ್ಣ, ನನ್ನ ನೂರಿಪ್ಪತ್ತು ಟೀ ಗಿಡ ಬುಡಕ್ಕೇ ಕಡಿದು ಹಾಕಿದಾರೆ. ಯಾರು ಅಂತ ನನಗೆ ಗೊತ್ತು. ನಾಳೆ ಊರ ಕೂಟದಲ್ಲಿ ನೀವು ಎದ್ದು ಹೇಳಬೇಕು, ಅಷ್ಟೇ."

"ಗೊತ್ತಿದ್ದರೆ ನೀನೇ ಹೇಳಬಹುದಲ್ಲ?"

"ನಾ ಹೇಳಿದರೆ ಮಾಮಿ ಅಳಿಯನ ಜಗಳ ಅಂತಾರೆ. ನೀವು ಹೇಳಿದರೆ ನಂಬ್ತಾರೆ. ಆ ಸರವಣ ಹಟ್ಟಿ ಬಿಟ್ಟು ಹೋಗಬೇಕು. ನನ್ನ ಮಗಳು ಅವನ ಹಿಂದೆ ಹೋದರೂ ಸರಿ."

ಜೋಗಿ ಮಾಮ ಎದ್ದು ಚಪ್ಪಲಿ ಮೆಟ್ಟಿದರು. ನೀಲಗಿರಿಯ ಕುಂದಾ ಪವರ್‌ಹೌಸಿನಲ್ಲಿ ಮೂವತ್ತು ವರ್ಷ ಯಂತ್ರಗಳ ಸದ್ದು ಕೇಳಿ, ನಿವೃತ್ತಿಯ ನಂತರ ಕೋತಗಿರಿ ಹತ್ತಿರದ ನಮ್ಮ ಹಟ್ಟಿಗೆ ಮರಳಿದವರು ಅವರು. ಏನು ಕಳೆದರೂ ಕೆಟ್ಟರೂ ಜನ ಪೊಲೀಸರಿಗಿಂತ ಮೊದಲು ಅವರಲ್ಲಿಗೆ ಬರುತ್ತಿದ್ದರು. ಪದವಿ ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನನಗೆ ಅವರ ಪಕ್ಕದಲ್ಲಿ ಮಾತಿಲ್ಲದೆ ಇರುವುದೇ ಒಂದು ಉದ್ಯೋಗವಾಗಿತ್ತು.

ತೋಟಕ್ಕೆ ಹೋದೆವು. ಬುಡದ ಮೋಟುಗಳು ಸಾಲುಸಾಲಾಗಿ ಉಳಿದಿದ್ದವು. ಬೇರುಗಳಿಗೆ ಯಾರೂ ಕೈ ಹಚ್ಚಿರಲಿಲ್ಲ. ಶುಕ್ರವಾರ ಬೆಳಗ್ಗೆ ಅವುಗಳ ನಡುವೆ ಸರವಣ ಟೀ ಗಿಡ ಸವರುವ ಕವಾತು ಕತ್ತಿ ಸಿಕ್ಕಿತ್ತು. ಟೀ ಕಿತ್ತು ಕ್ಯಾರೆಟ್ ಹಾಕೋಣವೆಂದು ಅವನು ದೇವಮ್ಮನೊಡನೆ ಜಗಳವಾಡಿದ್ದು ಇಡೀ ಹಟ್ಟಿಗೆ ತಿಳಿದಿತ್ತು. ಕತ್ತಿಯನ್ನು ಮಂಗಳವಾರವೇ ಮಹಿಳಾ ಸಂಘದ ಶೆಡ್ಡಿನಲ್ಲಿ ಇಟ್ಟಿದ್ದೆ ಎಂದು ಅವನು ಹೇಳುತ್ತಿದ್ದ. ಯಾರೂ ನಂಬಲಿಲ್ಲ. ಶೆಡ್ಡಿನ ಬೀಗ ಹಾಗೇ ಇತ್ತು. ಇದ್ದ ಒಂದೇ ಬೀಗದ ಕೈ, ಸಂಘದ ಓಡಾಟ ನೋಡಿಕೊಳ್ಳುವ ರಾಜೇಶ್‌ಕುಮಾರನ ಜೇಬಿನಲ್ಲಿ ಬುಧವಾರವೇ ಕಡಲತೀರಕ್ಕೆ ಹೋಗಿತ್ತು.

ಸಂಘದ ಹೆಂಗಸರು ಈ ಮೇ ತಿಂಗಳು ಮುಗಿಯುವುದರೊಳಗೆ ನಾಲ್ಕು ದಿನ ಕಡಲ ಬಳಿ ಇರಬೇಕೆಂದು ಆಸೆಪಟ್ಟಿದ್ದರು. ರೈಲಿನಲ್ಲಿ ಹೋಗುವಂತಿರಬೇಕು, ಗದ್ದಲವಿರಬಾರದು, ಕೈಗೆಟುಕಬೇಕು. ರಾಮೇಶ್ವರದಲ್ಲಿ ಜನಜಾತ್ರೆ, ಮಹಾಬಲಿಪುರದಲ್ಲಿ ಬಾಡಿಗೆ ವಿಪರೀತ. ಕಣ್ಣೂರಿನ ಆಚೆಯ ಒಂದು ಸಣ್ಣ ಊರನ್ನು ನೋಡಿಬರುತ್ತೇನೆಂದು ರಾಜೇಶ್‌ಕುಮಾರ್ ತಾನಾಗಿ ಮುಂದೆ ಬಂದಿದ್ದ.

ಸಂಘದ ಮುಖ್ಯಸ್ಥೆ ಕಲೈಸೆಲ್ವಿಯ ಮನೆಗೆ ನಾವು ಹೋದಾಗ ಅವನು ಟೀ ಕುಡಿಯುತ್ತ ಕುಳಿತಿದ್ದ. ಬೆಳಗ್ಗೆಯಷ್ಟೇ ಮರಳಿದ್ದನಂತೆ.

"ಒಂದು ನರಪಿಳ್ಳೆ ಇಲ್ಲ ಮಾಮ. ಸ್ಟೇಷನ್ನಿಂದ ನಡೆದೇ ಹೋಗಬಹುದು. ಅಡುಗೆಮನೆ ಇರೋ ಮನೆ ಕೊಡ್ತಾರೆ, ಬಾಡಿಗೆ ಕಮ್ಮಿ. ಒಂದೇ ತೊಂದರೆ, ಚಳಿ. ಬೆಳಗಿನ ಗಾಳಿಗೆ ಹಲ್ಲು ಕಟಕಟ. ನಾ ಎರಡು ಕಂಬಳಿ ಹೊದ್ದೆ."

"ಹಾಗಾದರೆ ಮಂಕಿಟೋಪಿಗಳಿಗೂ ಟಿಕೆಟ್ ಮಾಡಿಸಬೇಕು," ಎಂದು ಕಲೈಸೆಲ್ವಿ ನಕ್ಕಳು.

ಮೇಜಿನ ಮೇಲೆ ಎರಡು ಪೊಟ್ಟಣಗಳಿದ್ದವು. ಕೊಯಮತ್ತೂರಿನಿಂದ ಬಂದ ಮಿಕ್ಸ್ಚರ್ ಪೊಟ್ಟಣ ಬಿಗಿಯಾಗಿ ಉಬ್ಬಿತ್ತು. ಇನ್ನೊಂದು, ರಾಜೇಶ್‌ಕುಮಾರ್ ತಂದ ನೇಂದ್ರ ಬಾಳೆಕಾಯಿ ಚಿಪ್ಸ್, ಮೆತ್ತಗೆ ಸುಕ್ಕುಗಟ್ಟಿತ್ತು. ಜೋಗಿ ಮಾಮ ಎರಡನ್ನೂ ಎತ್ತಿ ಒತ್ತಿನೋಡಿ ಇಟ್ಟರು.

"ಅಲ್ಲಿಂದಲೇ ತಂದದ್ದಾ?"

"ಸ್ಟೇಷನ್ ಎದುರಿನ ಅಂಗಡೀಲಿ. ನನ್ನ ಕಣ್ಣೆದುರೇ ಕರಿದು ಸೀಲ್ ಹಾಕಿ ಕೊಟ್ಟರು."

"ರೈಲ್ವೆ ಟಿಕೆಟ್?"

"ಎಸೆದೆ ಮಾಮ. ಅದನ್ನ ಇಟ್ಟು ಪೂಜೆ ಮಾಡ್ಲಾ?"

"ಬೀಗದ ಕೈ?"

"ಜೇಬು ಬಿಟ್ಟು ಕದಲಲಿಲ್ಲ."

ಮರಳುವ ದಾರಿಯಲ್ಲಿ ಮಾಮ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ದೇವಮ್ಮನಿಗೂ ರಾಜೇಶ್‌ಕುಮಾರನಿಗೂ ಹಿಂದೆ ಏನಾಗಿತ್ತು? ನಾನು ಹೇಳಿದೆ. ಮೂರು ವರ್ಷದ ಹಿಂದೆ ಅವನು ದೇವಮ್ಮನ ಮಗಳು ನಿವೇತಾಳನ್ನು ಮದುವೆಗೆ ಕೇಳಲು ಹೋಗಿದ್ದ. ಹತ್ತು ಜನರ ಮುಂದೆ ದೇವಮ್ಮ, "ಈ ಮುಖಕ್ಕಾ ನನ್ನ ಮಗಳು?" ಎಂದು ಬಾಗಿಲು ಹಾಕಿದ್ದಳು. ಮರುವರ್ಷ ನಿವೇತಾ ಸರವಣನ ಕೈ ಹಿಡಿದಳು. ಅಂದಿನಿಂದ ರಾಜೇಶ್‌ಕುಮಾರ್ ದೇವಮ್ಮನನ್ನು ಕಂಡಾಗಲೆಲ್ಲ ನಗುತ್ತಿದ್ದ. ಅವನು ಆ ದಿನದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ನಾವೆಲ್ಲ ಹೆಚ್ಚು ಎಚ್ಚರವಾಗಿರುತ್ತಿದ್ದೆವು.

ಭಾನುವಾರ ಗುಡಿಯ ಮುಂದಿನ ಹುಲ್ಲಿನ ಮೇಲೆ ಕೂಟ ಸೇರಿತು. ಊರಗೌಡ ಹಾಲನ್ ನಡುವೆ ಕುಳಿತರು. ಸರವಣ ಒಂದು ತುದಿಯಲ್ಲಿ ನೆಲ ನೋಡುತ್ತ ನಿಂತಿದ್ದ. ಅವನ ಪಕ್ಕದಲ್ಲಿ ನಿವೇತಾ ಬಟ್ಟೆಯ ಗಂಟನ್ನು ಆಗಲೇ ಕಟ್ಟಿ ತಂದಿದ್ದಳು.

ಜೋಗಿ ಮಾಮ ಎದ್ದರು.

"ಬುಡ ಕಡಿದರೆ ಟೀ ಮತ್ತೆ ಚಿಗುರುತ್ತದೆ. ಕ್ಯಾರೆಟ್ ಹಾಕಬೇಕೆನ್ನುವವನು ಬೇರು ಕೀಳುತ್ತಾನೆ. ಇದು ನೆಲ ಬೇಕಾದವನ ಕೆಲಸವಲ್ಲ, ನೋಯಿಸಬೇಕಾದವನ ಕೆಲಸ. ಇನ್ನು ಕತ್ತಿ. ಸರವಣನ ಮಾತನ್ನು ನಾವು ನಂಬದೆ ಇದ್ದದ್ದು ಯಾಕೆ? ಬೀಗದ ಕೈ ಕಡಲ ಬಳಿ ಇತ್ತು ಅಂತ. ಅದು ಹೋಗಲೇ ಇಲ್ಲ."

"ಏನು ಮಾತು ಮಾಮ ಇದು?" ರಾಜೇಶ್‌ಕುಮಾರ್ ನಗುತ್ತಲೇ ಕೇಳಿದ.

"ಮೇ ತಿಂಗಳಲ್ಲಿ ಆ ಕರಾವಳಿಯಲ್ಲಿ ಬೆಳಗಿನ ಜಾವವೂ ಬೆವರು ಇಳಿಯುತ್ತದೆ. ಗಾಳಿ ಅಂದರೆ ಚಳಿ ಅಂತ ತಿಳಿಯುವವರು ನಾವು ಮಲೆಯವರು ಮಾತ್ರ. ನೀನು ಕಡಲನ್ನು ಇಲ್ಲೇ ಕುಳಿತು ಊಹಿಸಿಕೊಂಡೆ."

"ನನಗೆ ಜ್ವರ ಬಂದಿತ್ತು."

"ಪೊಟ್ಟಣಕ್ಕೂ ಬಂದಿತ್ತಾ?" ಮಾಮ ಕಲೈಸೆಲ್ವಿಯಿಂದ ಕೇಳಿ ತಂದಿದ್ದ ಚಿಪ್ಸ್ ಪೊಟ್ಟಣವನ್ನು ಎತ್ತಿ ಹಿಡಿದರು. "ಕೆಳಗೆ ಸೀಲ್ ಹಾಕಿದ ಯಾವ ಪೊಟ್ಟಣವೂ ಇಷ್ಟು ಎತ್ತರಕ್ಕೆ ಬಂದರೆ ಒಳಗಿನ ಗಾಳಿ ಹಿಗ್ಗಿ ಉಬ್ಬುತ್ತದೆ. ಹುಟ್ಟಿದಾಗಿನಿಂದ ಉಬ್ಬಿದ್ದನ್ನೇ ನೋಡಿದ ನಾವು ಅದನ್ನು ಗಮನಿಸುವುದೇ ಇಲ್ಲ. ನೀನೂ ಗಮನಿಸಲಿಲ್ಲ. ಇದಕ್ಕೆ ಸೀಲ್ ಬಿದ್ದದ್ದು ಈ ಬೆಟ್ಟದ ಮೇಲೆ. ಹೋಗದೆಯೇ ಹೋಗಿಬಂದೆ ಅಂದವನೇ ಶೆಡ್ಡಿನ ಬೀಗ ತೆಗೆಯಬಲ್ಲ ಒಬ್ಬನೇ ಒಬ್ಬ. ಒಂದೇ ಕತ್ತಿಯಲ್ಲಿ ಮಾಮಿಯ ತೋಟವನ್ನೂ ಅಳಿಯನ ಹೆಸರನ್ನೂ ಕಡಿಯಬೇಕೆಂದಿದ್ದೆ."

ರಾಜೇಶ್‌ಕುಮಾರನ ನಗು ನಿಂತಿತು. ಅವನು ಮಾಮನತ್ತ ನೋಡಲಿಲ್ಲ, ದೇವಮ್ಮನನ್ನು ನೋಡಿದ.

"ಹೂಂ, ಕಡಿದೆ. ನೀವು ನನ್ನ ಮುಖ ಕಡಿದ ದಿನ ಯಾವ ಕೂಟ ಸೇರಿತ್ತು?"

ಹಾಲನ್ ಗೌಡರು ತೀರ್ಪು ಹೇಳಿದರು. ತೋಟ ಚಿಗುರುವವರೆಗೆ ಅವನು ಅಲ್ಲಿ ದುಡಿಯಬೇಕು, ಈಗ ದೇವಮ್ಮನಿಗೆ ತಲೆ ಬಾಗಬೇಕು. ನಮ್ಮಲ್ಲಿ ಕಿರಿಯರು ತಲೆ ಬಾಗಿದರೆ ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಕೈ ಬಿದ್ದರೆ ತಪ್ಪು ತೀರಿತು. ಬೀಳುವವರೆಗೆ ತಲೆ ಎತ್ತುವಂತಿಲ್ಲ.

ರಾಜೇಶ್‌ಕುಮಾರ್ ಬಂದು ಬಾಗಿದ. ದೇವಮ್ಮ ಎರಡೂ ಕೈಗಳನ್ನು ಹೊದ್ದ ಬಟ್ಟೆಯೊಳಗೆ ಎಳೆದುಕೊಂಡಳು.

"ಕಲೈಸೆಲ್ವಿ, ಯಾವ ಊರು ಅಂತ ತೀರ್ಮಾನ ಮಾಡೋಣ."

"ಈಗಲಾ ಅಕ್ಕ?"

"ಈಗಲೇ. ಕಣ್ಣೂರಿನ ಆಚೆಯದೇ ಇರಲಿ. ನೋಡಿಬಂದವರು ಯಾರೂ ಇಲ್ಲ, ನಾವೇ ಮೊದಲು ನೋಡೋಣ. ನಿವೇತಾಗೂ ಸರವಣನಿಗೂ ಸೇರಿಸಿ ಹೆಸರು ಬರಿ."

ಸರವಣ ಆ ದಿನ ಮೊದಲ ಸಲ ಬಾಯಿ ತೆರೆದ. "ನನಗೆ ಕಿಟಕಿ ಪಕ್ಕ ಬೇಕು ಮಾಮಿ."

"ಬರಿ. ಕಿಟಕಿ ಪಕ್ಕ."

ಬಾಗಿದವನ ಕುತ್ತಿಗೆ ಕೆಂಪಾಗತೊಡಗಿತು. ಹಾಲನ್ ಗೌಡರು ಒಮ್ಮೆ ಕೆಮ್ಮಿದರು. ದೇವಮ್ಮ ಅವರತ್ತ ತಿರುಗಲಿಲ್ಲ.

"ರೈಲು ಕೊಯಮತ್ತೂರು ಬಿಡೋದು ಎಷ್ಟು ಗಂಟೆಗೆ?" ಎಂದು ಕೇಳಿದಳು. "ನಿಧಾನಕ್ಕೆ ನೋಡಿ ಹೇಳು. ಅವಸರ ಏನಿಲ್ಲ."