ಶೇಷ ಮೂವತ್ತಾರು

"ಲಗ್ನ ಆದ್ರೂ ನಾ ಶಾಳಿ ನೌಕರಿ ಬಿಡೂದಿಲ್ಲ. ನಿಮ್ಮ ಒಪ್ಪಿಗಿ ಅದನೋ ಇಲ್ಲೋ, ಈಗೇ ಹೇಳಿಬಿಡ್ರಿ!"

ಕನ್ಯೆ ನೋಡಲು ಬಂದ ಗಂಡಿಗೇ ಹೀಗೆ ಸವಾಲು ಹಾಕುವವಳು ಮರಾಠಿ ಗಡಿಯ ಇಡೀ ಉಮರ್ಗಾದಲ್ಲಿ ಇನ್ನೊಬ್ಬಳು ಸಿಕ್ಕಾಳೇ? ಮೀನಲ ಅಂದರೆ ಹಾಗೆಯೇ. ತುರೋರಿಯ ಕನ್ನಡ ಶಾಲೆಯ ಗಣಿತದ ಟೀಚರ್, ಮಾತೂ ಲೆಕ್ಕವೂ ಖಡಕ್.

ಗಂಡು ದಿಗಂಬರ, ನಿಲಂಗಾದ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಕಿವಿಯ ತನಕ ಕೆಂಪಾದ. ಅಂಗಳದಲ್ಲಿ ಇಬ್ಬರೇ ಇದ್ದರೂ, ಬಾಗಿಲಾಚೆ ಹತ್ತು ಕಿವಿ ನೆಟ್ಟಿದ್ದವು. ನೇರವಾಗಿ ಹೇಳಲು ನಾಚಿ ದನಿ ತಗ್ಗಿಸಿದ.

"ಎಂಟಂಕಿ ಸಂಖ್ಯೆ ಹೇಳ್ತೀನಿ, ಬರಕೋರಿ. ತೊಂಬತ್ತೊಂಬತ್ತರಿಂದ ನಿಶ್ಶೇಷ ಭಾಗ ಹೋದ್ರ ಒಪ್ಪಿಗಿ. ಶೇಷ ಉಳೀತು... ಇಲ್ಲ ಅಂತ ತಿಳೀರಿ."

ಮೀನಲಳ ಎದೆ ಝಲ್ಲೆಂದಿತು. ಅಯ್ಯೋ, ಇವನೂ ನನ್ನಂಥವನೇ! ಪೆನ್ನು ತೆಗೆದು ಅಂಗೈ ಮೇಲೆ ಬರೆಯತೊಡಗಿದಳು.

"ನಲವತ್ತೆಂಟು... ಐವತ್ತೆರಡು... ಅರವತ್ತೊಂದು..."

"ಚಲ ರೇ ದಿಗಂಬರ, ಉಶೀರ ಝಾಲಾ!" ಒಳಗಿನಿಂದ ಅವನ ತಾಯಿ ಹೊತ್ತಾಯಿತೆಂದು ಮರಾಠಿಯಲ್ಲಿ ಕೂಗಿದರು.

"ಸದತೀಸ!" ಎಂದವನೇ ಓಡಿದ.

ಅವರು ಹೋದ ಮೇಲೆ ಜೋಡಿ ಜೋಡಿಯಾಗಿ ಕೂಡಿಸಿದಳು. ತೊಂಬತ್ತೊಂಬತ್ತಕ್ಕೆ ಅದೇ ಸುಲಭದ ದಾರಿ. 48, 52, 61, 73. ಮೊತ್ತ 234. ಎರಡು ತೊಂಬತ್ತೊಂಬತ್ತು ಕಳೆದರೆ... ಶೇಷ ಮೂವತ್ತಾರು!

"ಅವರಿಗೆ ನಾ ಬ್ಯಾಡಂತ, ಅವ್ವಾ..."

"ಹಂಗಾದ್ರ ನಮಗೂ ಬ್ಯಾಡ!" ತಾಯಿ ಗಿರಿಜಾಬಾಯಿ ಅಂದೇ ನಿಲಂಗಾಕ್ಕೆ ತಿಳಿಸಿಬಿಟ್ಟರು. ಭಾನುವಾರ ಜಳಕೋಟದ ಇನ್ನೊಬ್ಬ ವರನಿಗೆ ಮಾತು ಕೊಡುವುದೆಂದು ನಿಶ್ಚಯವಾಯಿತು.

ಶನಿವಾರ ಮೀನಲಳಿಗೆ ಊಟ ಸೇರಲಿಲ್ಲ. 'ಬೇಡ ಅನ್ನುವವನು ಅಷ್ಟು ಕೆಂಪಾಗ್ತಾನಾ?'

ಮತ್ತೆ ಸಂಖ್ಯೆ ಹಿಡಿದಳು. ತೊಂಬತ್ತೊಂಬತ್ತೆಂದರೆ ಒಂಬತ್ತು, ಹನ್ನೊಂದರ ಗುಣಲಬ್ಧ. ಒಂಬತ್ತರಿಂದ ಭಾಗಿಸಿದಳು, ಹೋಯಿತು. ಹನ್ನೊಂದರಿಂದ... ಹೋಗಲಿಲ್ಲ! ಒಂಬತ್ತಕ್ಕೆ ಅಂಕಿಗಳು ಹೇಗೆ ಹಿಂದುಮುಂದಾದರೂ ನಡೆಯುತ್ತದೆ, ಹನ್ನೊಂದಕ್ಕೆ ನಡೆಯುವುದಿಲ್ಲ. ಹಾಗಾದರೆ... ಅಂಕಿ ಸರಿ, ಕ್ರಮ ತಪ್ಪು!

ಸದತೀಸ! ಕೊನೆಯ ಜೋಡಿಯನ್ನು ಅವನು ಮರಾಠಿಯಲ್ಲಿ ಹೇಳಿದ್ದ. ಮರಾಠಿಯಲ್ಲಿ ಏಳು ಮೊದಲು, ಮೂವತ್ತು ಆಮೇಲೆ. ಗಡಿಬಿಡಿಯಲ್ಲಿ ಕೇಳಿದ ಹಾಗೇ ಬರೆದು, ಮೂವತ್ತೇಳನ್ನು ಎಪ್ಪತ್ತಮೂರು ಮಾಡಿದ್ದಳು! ಹುಟ್ಟಿದಾಗಿನಿಂದ ಎರಡೂ ಭಾಷೆ ಆಡುವವಳು! ಸರಿಯಾಗಿ ಕೂಡಿಸಿದರೆ ನೂರಾ ತೊಂಬತ್ತೆಂಟು. ನಿಶ್ಶೇಷ!

ತಲೆಗೆ ತಾನೇ ಮೊಟಕಿಕೊಂಡು ನಿಲಂಗಾದ ಬಸ್ಸು ಹತ್ತಿದಳು.

ಕಾಲೇಜಿನ ಗೇಟಿನಲ್ಲಿ ಅವಳನ್ನು ಕಂಡು ದಿಗಂಬರನ ಮುಖ ಬಿಗಿಯಿತು. "ಬ್ಯಾಡ ಅಂತ ಹೇಳಿ ಕಳಿಸ್ಯಾರ ನಿಮ್ಮ ಮನಿಯವರು. ಮತ್ತ ಯಾಕ ಬಂದೀರಿ?"

"ತಪ್ಪು ನಂದು. ಸದತೀಸ ಅಂದ್ರಿ... ಎಪ್ಪತ್ತಮೂರು ಬರದೆ."

ಅವನು ಪಿಳಿಪಿಳಿ ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಗಣಿತದ ಟೀಚರ್ರಾ ನೀವು?"

"ನಗಬ್ಯಾಡ್ರಿ! ನಾಳಿ ಜಳಕೋಟದವರು ಬರ್ತಾರ. ಈ ಸಲ ಅಂಕಿ ಗಿಂಕಿ ಏನೂ ಬ್ಯಾಡ, ಬಾಯಿಲೆ ಹೇಳ್ರಿ!"

ನಗು ನಿಂತಿತು. ಸುತ್ತಲಿನ ಮಂದಿ ನೋಡುತ್ತಿದ್ದರು, ಆದರೂ ಅವನು ಹಿಂಜರಿಯಲಿಲ್ಲ. "ನೀವು ನನಗ ಬೇಕು, ಮೀನಲ. ಶಾಳೀನೂ ಬಿಡಬ್ಯಾಡ್ರಿ... ನನ್ನೂ ಬಿಡಬ್ಯಾಡ್ರಿ."

ಅವಳ ಕಣ್ಣು ತುಂಬಿ ಬಂತು. ಅಲ್ಲೇ ನಿಂತು ಫೋನ್ ಹಚ್ಚಿದಳು.

"ಅವ್ವಾ, ಜಳಕೋಟದವರಿಗೆ ಬರಬ್ಯಾಡ್ರಿ ಅಂತ ಹೇಳು. ನಿನ್ನ ಅಳಿಯ ನನ್ನ ಮುಂದ ನಿಂತಾನ!"

ಆ ಕಡೆಯಿಂದ ಬಂದ ಮಾತನ್ನೆಲ್ಲ ಕೇಳಿ ಫೋನ್ ಇಟ್ಟಳು.

"ಏನಂದ್ರು?" ದಿಗಂಬರ ಉಸಿರು ಬಿಗಿಹಿಡಿದು ಕೇಳಿದ.

"ಬೈದ್ಳು... ಆಮ್ಯಾಗ, ಕರಕೊಂಡ ಬಾ ಅಂದ್ಳು."